ಹವಳದ ಗೂಡು

...ಅಷ್ಟರೊಳಗೆ ಬಸ್ಸು ಹೋಯ್ತದೆ ಅಂತ ಎದ್ದೋದ್ರಿ. ನನ್ನ ಮಾತು ಬೆಳಗ್ಗೆಯಿಂದ ಬಾಯಲ್ಲೇ ಕೂತೈತೆ. ಬನ್ನಿ, ಕೂತ್ಕಳಿ. ಆ ಚೀಲ ಅಲ್ಲಿಡಿ. ಮಾಗಡಿಯಿಂದ ಗುಡೇಮಾರನಹಳ್ಳಿಗೆ ಬರೋ ಹೊತ್ತಿಗೆ ಮೂಳೆಯೆಲ್ಲ ಸಡ್ಲ ಆಗಿರ್ತವೆ, ಕಾಲು ನೀಡ್ಕಳಿ. ಮಜ್ಜಿಗೆ ಕುಡೀರಿ. ಚಾಕಿ ಕೇಂದ್ರದೋರು ಏನಂದ್ರು... ಬ್ಯಾಡ, ಅದು ಆಮೇಲೆ. ರೇಷ್ಮೆ ಹುಳದ ಮರಿ ಮಾತು ಎಲ್ಲಿಗೂ ಓಡೋಗಕ್ಕಿಲ್ಲ. ಮೊದ್ಲು ದ್ವೀಪ.

ಎಲ್ಲಿಗೆ ನಿಲ್ಸಿದ್ದೆ? ಹಾಂ, ಹಡಗು. ನಮ್ಮ ಮೊಮ್ಮಗಳು ನಯನ ಮದುವೆ ಆದ್ಮೇಲೆ ಗಂಡನ್ನ ಕರ್ಕೊಂಡು ಹೋಗಿದ್ಲಲ್ಲ ಲಕ್ಷದ್ವೀಪ, ಅಲ್ಲಿಗೇ. ತಾತ ಅಜ್ಜಿನೂ ಒಂದ್ಸಲ ಹೋಗ್ಲಿ ಅಂತ ಟಿಕೀಟು ತೆಗ್ಸವ್ಳೆ. ಕೊಚ್ಚಿಗಂಟ ರೈಲು, ಅಲ್ಲಿಂದ ಹಡಗು. ಮುಂದಿನ ಬುಧವಾರ ಹೊರಡೋದು, ಎಂಟು ದಿನ. ಸುತ್ತ ಸಮುದ್ರ, ಮಧ್ಯೆ ಒಸಿ ಭೂಮಿ. ಕರೆಯೋರಿಲ್ಲ, ಕೂಗೋರಿಲ್ಲ, ಹೇಳ್ದೆ ಕೇಳ್ದೆ ಊಟದ ಹೊತ್ತಿಗೆ ಬರೋ ನೆಂಟರಿಲ್ಲ. ಒಂದು ಗುಡ್ಲು, ಗಂಡ ಹೆಂಡ್ತಿ ಇಬ್ರೇ. ಬಾಗ್ಲು ತೆಗುದ್ರೆ ನೀರು... ಯಾಕೆ ನಗ್ತೀರಿ? ನಕ್ಕಿಲ್ವಾ? ಮೀಸೆ ಅಲ್ಲಾಡ್ತು, ನಾನು ನೋಡ್ದೆ.

ಅಲ್ಲಿಗೆ ಹೋಗೋಕೆ ಅಪ್ಪಣೆ ಬೇಕಂತೆ. ಅದಕ್ಕೇ ಮೊನ್ನೆ ನಾನೂ ನಯನನೂ ಜೆರಾಕ್ಸ್ ಅಂಗಡಿ ಅಶೋಕನ ತಾವ ಅರ್ಜಿ ತುಂಬ್ಸಕೆ ಹೋಗಿದ್ದು. ಗಂಡನ ಹೆಸರೇನಜ್ಜಿ ಅಂದ. ನನ್ನ ಬಾಯಲ್ಲಿ ಬಂದದಾ? ನಯನನೇ ಹೇಳಿದ್ಲು, ಪುಟ್ಟಲಿಂಗಯ್ಯ ಅಂತ. ಏನ್ ಕೆಲ್ಸಕ್ಕೆ ಹೋಗ್ತಿದ್ದೀರಿ ಕೃಷ್ಣಮ್ಮಜ್ಜಿ, ಹನಿಮೂನಾ ಅಂದ್ಬುಟ್ಟು ಕಿಸಕ್ಕಂದ. ಹೂಂ ಕಣಪ್ಪ, ನಲವತ್ತಾರು ವರ್ಷ ಲೇಟಾಯ್ತು, ಮನೇಲಿ ಹುಳ ಇದ್ವು ಅಂದೆ. ಮಿಷನ್ನು ನಿಲ್ಸಿ ನಕ್ಕ ಅವನು. ಜೆರಾಕ್ಸಿಗೆ ಬಂದಿದ್ದೋರೂ ನಕ್ರು.

ಸುಳ್ಳಾ ನಾನು ಹೇಳಿದ್ದು? ನೀವೇ ಹೇಳಿ. ಮೊಗ್ಗಿನ ಜಡೆ ಹಾಕ್ಕೊಂಡು ಈ ಹೊಸ್ಲಿಗೆ ಬಂದೆ. ನಿಮ್ಮವ್ವ ಅಲ್ಲೇ ತಡೆದ್ರು. ಹುಳದ ಮನೆ ಕಣವ್ವ, ಹೂವಿನ ಗಮಲು ಹುಳಕ್ಕಾಗಕ್ಕಿಲ್ಲ, ತೆಗಿ ಅಂದ್ರು. ಬಿಚ್ಚಿ ಕೊಟ್ಟಿಗೆ ಗೂಟಕ್ಕೆ ನೇತಾಕಿದ್ರೆ ಕರ ತಿಂದ್ಬುಡ್ತು, ದಾರ ಸಮೇತ. ಅವತ್ತಿಂದ ಈ ಮನೆಯೊಳಗೆ ನಾನು ಹೂವ ಮುಡಿದಿಲ್ಲ, ಪೌಡರ್ ಹಾಕಿಲ್ಲ. ಬೇಜಾರಿಗೆ ಹೇಳ್ತಿಲ್ಲ ಕಣ್ರಿ, ಲೆಕ್ಕಕ್ಕೆ ಹೇಳ್ತಿದ್ದೀನಿ. ಇನ್ನು ನಮ್ಮ ಪ್ರಸ್ತಕ್ಕೆ ಇಟ್ಟಿದ್ದ ದಿನವೇ ಹುಳ ಹಣ್ಣಾಗ್ಬೇಕಾ? ಹಣ್ಣಾದ ಹುಳ ಯಾರಿಗೆ ಕಾಯ್ತದೆ, ನಿಂತಲ್ಲೇ ನೂಲು ಬುಡ್ತದೆ. ಹೊಸ ಸೀರೆ ಎತ್ತಿ ಕಟ್ಕೊಂಡು, ನೀವೊಂದು ಕಡೆ ನಾನೊಂದು ಕಡೆ ಕೂತು ಒಂದೊಂದೇ ಹುಳ ಆರ್ಸಿ, ಗೂಡು ಕಟ್ಲಿ ಅಂತ ಬಿದಿರು ಚಂದ್ರಿಕೆಗೆ ಬುಟ್ವಿ. ಚಂದ್ರಿಕೆ ಅಂಚಿಂದ ಕದ್ದು ನೋಡ್ದೆ, ಆಗ್ಲೇ ನಿಮ್ಮ ಮುಖ ನಾನು ಸರ್ಯಾಗಿ ನೋಡಿದ್ದು. ಮೂಗಿನ ಮೇಲೆ ಒಂದು ಹುಳ ಹತ್ತಿತ್ತು. ನಿಮಗೆ ಗೊತ್ತೇ ಇರ್ಲಿಲ್ಲ. ನಾನೂ ಹೇಳ್ನಿಲ್ಲ. ಚೆನ್ನಾಗಿ ಕಾಣ್ತಿದ್ರಿ.

ಆಮೇಲಾದ್ರೂ ಇಬ್ರೂ ಒಟ್ಟಿಗೆ ಒಂದೂರು ನೋಡಿದ್ವಾ? ನನ್ನ ತಮ್ಮನ ಮದುವೆ ಕನಕಪುರದಲ್ಲಿ. ನಾನು ಧಾರೆ ನೋಡ್ಕೊಂಡು ಬಂದೆ, ನೀವು ಬೀಗರೂಟಕ್ಕೆ ಹೊರಟ್ರಿ. ನಾನು ಇಳಿದ ಬಸ್ಸಿಗೇ ನೀವು ಹತ್ತಿದ್ರಿ. ಹೆಂಗಾಯ್ತು ಮದುವೆ ಅಂತ ಕೇಳ್ನಿಲ್ಲ. ಹುಳ ಮೂರನೇ ಜ್ವರಕ್ಕೆ ಕೂತವೆ, ಪೊರೆ ಬುಡೋಗಂಟ ಸೊಪ್ಪು ಹಾಕ್ಬ್ಯಾಡ ಅಂದ್ರಿ. ಬಾಗ್ಲು ಹಾಕ್ಕೊಂಡು ಬಸ್ಸು ಹೋಯ್ತು. ಒಬ್ರು ಹೋದ್ರೆ ಒಬ್ರು ಇರ್ಲೇಬೇಕು. ನಮ್ಮ ಸಂಸಾರವೇ ಹಂಗೆ, ಹಗಲು ಪಾಳಿ ರಾತ್ರಿ ಪಾಳಿ ಇದ್ದಂಗೆ.

ಅದಿರ್ಲಿ. ಹವಳ ಅಂದ್ರೆ ಏನು ಅಂತ ಗೊತ್ತಾ ನಿಮಗೆ? ನಾನು ತಾಳಿ ಸರದಾಗೆ ಪೋಣಿಸ್ತಾರಲ್ಲ, ಕೆಂಪು ಕಲ್ಲು, ಅಷ್ಟೇ ಅಂದ್ಕಂಡಿದ್ದೆ. ನಯನ ಫೋನಲ್ಲಿ ತೋರ್ಸಿದ್ಲು. ಅದು ಹುಳದಂಥ ಜೀವ ಕಣ್ರಿ. ಇಷ್ಟಿಷ್ಟೇ. ನೀರೊಳಗೆ ಕೂತು ತನ್ನ ಸುತ್ತ ತಾನೇ ಗೂಡು ಕಟ್ಕತದಂತೆ. ನಮ್ಮವು ನೂಲಲ್ಲಿ ಕಟ್ತವೆ, ಅವು ಕಲ್ಲಲ್ಲಿ ಕಟ್ತವೆ. ಗೂಡಿನ ಮೇಲೆ ಗೂಡು, ಗೂಡಿನ ಮೇಲೆ ಗೂಡು... ಬೆಳ್ದೂ ಬೆಳ್ದೂ ದ್ವೀಪವೇ ಆಯ್ತದಂತೆ. ಗೂಡಿನ ಮೇಲೆ ತೆಂಗು ನೆಟ್ಕೊಂಡು ಬಾಳ್ತಾವ್ರೆ ಜನ. ಸೊಪ್ಪು ಕೊಯ್ಯಂಗಿಲ್ಲ, ಕಸ ತೆಗಿಯಂಗಿಲ್ಲ, ಯಾರೂ ಎತ್ಕೊಂಡೋಗಿ ಬಿಸಿನೀರಿಗೆ ಹಾಕಂಗಿಲ್ಲ. ತಳಕ್ಕೆ ಗಾಜು ಕೂರ್ಸಿರೋ ದೋಣಿ ಐತಂತೆ, ಬಗ್ಗಿ ನೋಡ್ಬೋದು. ಹುಳ ನೋಡ್ದಿದ್ರೆ ನಿಮಗೆ ಹೊತ್ತು ಹೋಗಕ್ಕಿಲ್ಲ, ಅಲ್ಲೂ ನೋಡ್ಕೊಂಡು ಕೂತ್ಕಳಿ. ನಾನು ಬೀಳದಂಗೆ ನಿಮ್ಮ ತೋಳು ಹಿಡ್ಕೊಂಡಿರ್ತೀನಿ.

ಪಂಚೆ ಒಂದೇ ಸಾಕು. ನಯನ ನಿಮಗೆ ಚಡ್ಡಿ ತಂದವ್ಳೆ, ಮಂಡಿಗಂಟ, ಮೇಲೆಲ್ಲ ಗಿಣಿ ಚಿತ್ರ. ಮುಖ ಗಂಟಾಕ್ಬ್ಯಾಡಿ, ಅಲ್ಲಿ ನಿಮ್ಮ ಕಾಲು ನೋಡೋಳು ನಾನೊಬ್ಳೇ. ರಾಗಿ ಹಿಟ್ಟು ಕಟ್ಟಿದ್ದೀನಿ. ಪೌಡರ್ ಡಬ್ಬಿ ಕೊಂಡಿದ್ದೀನಿ, ಅದನ್ನ ದ್ವೀಪದಾಗೇ ತೆಗೆಯೋದು...

ಏನು? ಯಾಕೆ ಹಂಗೆ ನೋಡ್ತೀರಿ? ಹುಳಾನಾ? ಹುಳದ್ದು ಹೆಂಗೋ ಆಯ್ತದೆ. ಪಕ್ಕದ ಮನೆ ಚಿಕ್ಕರಾಜು ನೋಡ್ಕತಾನೆ. ಅವನೇನು ಹೊಸಬನಾ, ಅವನೂ ಹುಳ ಸಾಕೋನೇ... ಮಜ್ಜಿಗೆಗೆ ಉಪ್ಪು ಕಮ್ಮಿಯಾ? ಇಲ್ವಾ.

ಇವತ್ತು ಮರಿ ತರಕ್ಕೆ ಹೋಗಿದ್ರಿ ನೀವು.

ಮರಿ ಇಲ್ದೆ ಬಂದ್ರಿ. ನೀವು ಹೊಸ್ಲು ದಾಟಿದಾಗ್ಲೇ ನೋಡ್ದೆ ನಾನು. ಅದಕ್ಕೇ ಇಷ್ಟೊತ್ತು ಹಡಗು, ಗಿಣಿ, ಚಡ್ಡಿ ಅಂತ...

ಹೇಳ್ಬುಟ್ರಾ ಚಾಕಿ ಕೇಂದ್ರದೋರು?

ಹೌದು, ನಾನೇ. ನಯನನ ಕೈಲಿ ಫೋನ್ ಮಾಡ್ಸಿ, ಈ ಬೆಳೆ ನಮಗೆ ಬ್ಯಾಡ, ನಮ್ಮ ಪಾಲಿನ ಮರಿ ಚಿಕ್ಕರಾಜುಗೆ ಕೊಡಿ ಅಂದೆ. ಸೊಪ್ಪೂ ಅವನೇ ಕೊಯ್ಕತಾನೆ. ವಾರ ಆಯ್ತು. ಬೈಯಿರಿ, ಬೈಸ್ಕತೀನಿ. ಒಂದು ಬೆಳೆ ತಪ್ಪಿಸ್ದೋರಲ್ಲ ನೀವು, ನಿಮ್ಮನ್ನ ಕೇಳ್ದೆ ನಾನು ತಪ್ಪಿಸ್ಬುಟ್ಟೆ. ಕೇಳಿದ್ರೆ ಏನಂತಿದ್ರಿ? ನೀನು ನಯನನ ಜೊತೆ ಹೋಗ್ಬಾ, ನಾನು ಹುಳ ನೋಡ್ಕತೀನಿ. ಆ ಮಾತು ಇನ್ನೊಂದ್ಸಲ ಕೇಳಕ್ಕೆ ನನಗೆ ಭಯ ಆಯ್ತು. ಸಮುದ್ರ ನೋಡೋ ಆಸೆ ಏನಿಲ್ಲ ಕಣ್ರಿ ನನಗೆ. ನಿಮ್ಮ ಜೊತೆ ಒಂದೇ ಬಸ್ಸಲ್ಲಿ, ಒಂದೇ ಸೀಟಲ್ಲಿ ಕೂರೋ ಆಸೆ. ಅದಕ್ಕೆ ಸಮುದ್ರದಗಂಟ ಹೋಗ್ಬೇಕು ಅಂದ್ರೆ ಹೋಗನ ಅಂದ್ಕಂಡೆ.

ಆ ಚೀಲ ಯಾಕೆ ನನ್ನ ಕಡೆ ತಳ್ತೀರಿ? ಏನೈತೆ ಇದ್ರಾಗೆ... ಬಾಳೆ ಎಲೆ. ಒದ್ದೆ ಐತೆ. ತಾಳಿ, ಇದೇನು ಗಮಲು...

ಮಲ್ಲಿಗೆ.

ನೀವಾ? ಹೊಸ್ಲು ದಾಟ್ಸಿ ಒಳಕ್ಕೆ ತಂದ್ರಾ ಇದನ್ನ? ಹಂಗಾದ್ರೆ ಮಾಗಡೀಲೇ ಎಲ್ಲ ಗೊತ್ತಾಗೈತೆ ನಿಮಗೆ. ನನ್ನ ಕೈಲಿ ಇಷ್ಟೊತ್ತು ಒದರಿಸ್ಕೊಂಡು, ಮೀಸೆ ಅಲ್ಲಾಡಿಸ್ಕೊಂಡು ಸುಮ್ಕೆ ಕೂತಿದ್ರಲ್ಲ, ಕಳ್ಳ ಕಣ್ರಿ ನೀವು.

ನನ್ನ ಕೈಗೆ ಕೊಡ್ಬ್ಯಾಡಿ. ನೀವೇ ಮುಡಿಸಿ. ಈ ಕಡೆ ತಿರುಗಿ ಕೂತ್ಕತೀನಿ... ನಿಧಾನ. ನೋಡಿ, ಜಾರಿ ಹೆಗಲ ಮೇಲೆ ಬಿತ್ತು. ಕೂದಲೆಳೆಯಂಥ ಮರಿ ಹುಳ ಎತ್ತೋ ಕೈಗೆ ಒಂದು ಮೊಳ ಹೂವ ಎತ್ತಕ್ಕೆ ಬರಕ್ಕಿಲ್ವಾ?