ಎಡಗಡೆಯ ಕೋರೆಹಲ್ಲು

ನಾನು ಇದುವರೆಗೆ ಹದಿನಾರು ದೆವ್ವಗಳನ್ನು ಕಣ್ಣಾರೆ ಕಂಡಿದ್ದೇನೆ, ಅದರಲ್ಲಿ ಎರಡಕ್ಕೆ ಬುದ್ಧಿ ಹೇಳಿ ಕಳಿಸಿದ್ದೇನೆ. ಸುಳ್ಳು. ಒಂದನ್ನೂ ಕಂಡಿಲ್ಲ. ಕತ್ತಲಾದ ಮೇಲೆ ಹಿತ್ತಲ ಬಾಗಿಲು ಹಾಕೋಕೂ ಹೆಂಡತಿಯನ್ನು ಎಬ್ಬಿಸುವ ಪೈಕಿ ನಾನು. ಆದರೆ ನಮ್ಮ ದೊಡ್ಡಪ್ಪನ ಮಗನಿಗೆ ಆದದ್ದು ಮಾತ್ರ ಸುಳ್ಳಲ್ಲ. ಟೀ ಲೋಟ ಕೆಳಗಿಡಿ, ಹೇಳ್ತೀನಿ.

ಅವನನ್ನು ಎಲ್ಲರೂ ಹಲ್ಲಣ್ಣ ಅಂತಾರೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದೆ, ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಮುದುಕರಿಗೆ ಹಲ್ಲಿನ ಸೆಟ್ಟು ಮಾಡುವುದು ಅವನ ಕೆಲಸ. ದಿನವಿಡೀ ಮಂದಿಯ ಬಾಯಿ ತುಂಬಿಸಿ, ಮನೆಗೆ ಬಂದು ತನ್ನ ಬಾಯಿಗೆ ತುತ್ತಿಡುವ ಹೊತ್ತಿಗೆ ಕೂತಲ್ಲೇ ತೂಕಡಿಸುತ್ತಿದ್ದ. ಅವನ ನಾಲಗೆಯ ಮೇಲೆ ಉಳಿದಿದ್ದದ್ದು ಎರಡೇ ಮಾತು: "ರಾತ್ರಿ ತೆಗೆದು ನೀರಲ್ಲಿಡಿ", ಮತ್ತೆ "ನಾಳೆ". ಮೊದಲನೆಯದು ಗಿರಾಕಿಗೆ. ಎರಡನೆಯದು ಗಿರಾಕಿಗೂ ಮಗಳಿಗೂ.

ಮಗಳಿಗೆ ಒಂದು ವಿಡಿಯೊ ಗೇಮಿನ ಹುಚ್ಚು. ಅದರ ಕೊನೆಯ ಬಾಗಿಲಲ್ಲಿ ದೀಪ ನುಂಗುವ ರಾಕ್ಷಸ ಕೂತಿರುತ್ತೆ... ಗೂನುಬೆನ್ನು, ಗಿಡ್ಡ ಕಾಲು, ಮೈಯೆಲ್ಲ ಬಾಯಿ. ಅಂಗೈಯಲ್ಲಿ ಹಿಡಿಸುವಂಥ ಅದರ ಗೊಂಬೆಯೊಂದನ್ನು ಹುಟ್ಟುಹಬ್ಬಕ್ಕೆ ಮಾಡಿಕೊಡ್ತೀನಿ ಅಂದಿದ್ದ. ಹೋದ ವರ್ಷದ ಹುಟ್ಟುಹಬ್ಬ "ನಾಳೆ"ಯಲ್ಲೇ ಕಳೆದುಹೋಯಿತು. ಈ ಸಲ ಮಗಳು ಅತ್ತು ಕರೆದು ಮಾಡಲಿಲ್ಲ. "ಆಗಲ್ಲ ಅಂದ್ರೆ ಈಗಲೇ ಹೇಳ್ಬಿಡಪ್ಪಾ, ಕಾಯೋದಾದ್ರೂ ತಪ್ಪುತ್ತೆ," ಅಂದಳು. ಅದು ನೆಟ್ಟಗೆ ಹೋಗಿ ಎದೆಗೆ ನಾಟಿತು.

ಸೆಟ್ಟಿಗೆ ಬಳಸುವ ಗುಲಾಬಿ ಮೇಣದಲ್ಲೇ ಮೈ ಮಾಡಿದ. ತೊಗಲಿನ ಸುಕ್ಕು ಸೂಜಿಯಲ್ಲಿ ಗೀರಿದ. ಎಲ್ಲ ಬಂತು, ಹಲ್ಲು ಮಾತ್ರ ಬರಲಿಲ್ಲ. ಮೇಣದ ಹಲ್ಲು ನೋಡಿ ಮಗಳು, "ಇದು ಕಚ್ಚುತ್ತೋ, ಕರಗುತ್ತೋ?" ಅಂದಿದ್ದಳು.

ಹುಟ್ಟುಹಬ್ಬದ ಹಿಂದಿನ ರಾತ್ರಿ ಅವನ ಕಣ್ಣು ಕಪಾಟಿನ ಮೂಲೆಗೆ ಹೋಯಿತು. ಅಲ್ಲಿ ಒಬ್ಬ ಅಜ್ಜಿಯ ಸೆಟ್ಟು, ಗಟ್ಟಿ ಹಲ್ಲುಗಳನ್ನು ಇನ್ನೂ ಮೇಣದಲ್ಲೇ ಕೂರಿಸಿಟ್ಟದ್ದು, ಇತ್ತು. ಹಲ್ಲು ಎಲ್ಲಿ ತಾಗುತ್ತೆ ಅಂತ ನೋಡಲು ನೀಲಿ ಕಾಗದ ಕಚ್ಚಿಸ್ತಾರಲ್ಲ, ಕಚ್ಚಿದಾಗಲೆಲ್ಲ ಆ ಅಜ್ಜಿ, "ಎಡಗಡೆ ತಾಗ್ತಿದೆ ಕಣಪ್ಪಾ," ಅನ್ನುತ್ತಿದ್ದರು. "ನಾಳೆ ಬನ್ನಿ ಅಜ್ಜಿ," ಅನ್ನುತ್ತಿದ್ದ ಇವನು. ಒಂದು ನಾಳೆ ಅಜ್ಜಿ ಬರಲಿಲ್ಲ. ತೀರಿಕೊಂಡರು ಅಂತ ಸುದ್ದಿ ಬಂತು.

ಹಲ್ಲಣ್ಣ ಚಾಕು ಕಾಯಿಸಿ, ಮೇಲಿನ ಕೆಳಗಿನ ಮುಂದಿನ ಹಲ್ಲುಗಳನ್ನು ಕೋರೆಸಮೇತ ಬಿಡಿಸಿ, ರಾಕ್ಷಸನ ಬಾಯಲ್ಲಿ ಕೂರಿಸಿದ. ಈಗ ಕಚ್ಚುವ ಹಾಗಿತ್ತು.

ಡಬ್ಬಿಯಲ್ಲಿಟ್ಟು ಜೇಬಿಗೆ ಹಾಕಿ ಹೊರಟ. ದಾರಿಯಲ್ಲಿ ಒಂದು ಹಳೇ ಬಾವಿ, ಮೇಲೆ ಕಬ್ಬಿಣದ ಜಾಲರಿ. ಅಲ್ಲಿಗೆ ಬರುವಾಗ...

ಟಕ್.

ನಿಂತ. ಏನೂ ಇಲ್ಲ. ಹೆಜ್ಜೆ ಇಟ್ಟ. ಟಕ್... ಟಕ್. ಕಬ್ಬಿಣದ ಸದ್ದಲ್ಲ. ಹಲ್ಲಿಗೆ ಹಲ್ಲು ತಾಗುವ ಸದ್ದು. ಅದು ಅವನಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು?

ಬಾವಿಯ ಆಚೆ ಯಾರೋ ಕೂತಿದ್ದರು, ಕೈಯನ್ನು ಬಾಯಿಗೆ ಅಡ್ಡ ಹಿಡಿದು.

"ಎಡಗಡೆ... ತಾಗ್ತಿದೆ ಕಣಪ್ಪಾ."

ನೀವಾಗಿದ್ದರೆ ಓಡ್ತಿದ್ರಿ. ನಾನಾಗಿದ್ದರೆ ಅಲ್ಲೇ ಬಿದ್ದಿರ್ತಿದ್ದೆ. ಆದರೆ ಅಷ್ಟು ದಣಿದವನಿಗೆ ಹೆದರೋಕೂ ತ್ರಾಣ ಬೇಕಲ್ಲ. ಬಾಯಿ ತನ್ನ ಪಾಡಿಗೆ ತಾನೇ ಹೇಳಿಬಿಟ್ಟಿತು:

"ನಾಳೆ ಬನ್ನಿ ಅಜ್ಜಿ."

ಬಾವಿಯ ಆಚೆಯಿಂದ ತೀರ ಮೆಲ್ಲಗೆ...

"ಆಗ್ಲಿ ಬಿಡು. ಮನೆಗೇ ಬರ್ತೀನಿ."

ಆಗ ಅವನ ನಿದ್ದೆ ಹಾರಿತು. ನಾಳೆ ಅಂದರೆ ಹುಟ್ಟುಹಬ್ಬ. ನಾಳೆ ಈ ಹಲ್ಲು ಮಗಳ ಕೈಯಲ್ಲಿರುತ್ತೆ.

"ಬೇಡ ಅಜ್ಜಿ," ಅಂದ. "ಈಗಲೇ ನೋಡ್ಬಿಡ್ತೀನಿ."

ಬಾವಿಕಟ್ಟೆಯ ಮೇಲೆ ಕೂತು ಡಬ್ಬಿ ತೆರೆದ. ಮೊಬೈಲಿನ ಬೆಳಕು ಬಿಟ್ಟು ನೋಡಿದರೆ ಎಡಗಡೆಯ ಕೋರೆಯ ತುದಿಗೆ ಒಂದು ನೀಲಿ ಚುಕ್ಕೆ. ಇವನು ಹಚ್ಚಿದ್ದಲ್ಲ. ಜೇಬಿನಲ್ಲಿದ್ದ ಪುಟ್ಟ ಅರದಿಂದ ಉಜ್ಜಿದ. ಸರ್... ಸರ್...

"ಈಗ?"

"ಇನ್ನೊಂಚೂರು."

ಸರ್... ಸರ್...

"ಈಗ?"

"ಹಾಂ, ಕೂತ್ಕೊಂತು."

"ಅಜ್ಜಿ... ಇದು ನನ್ನ ಮಗಳಿಗೆ ಅಂತ ಮಾಡಿದ್ದು."

"ಗೊತ್ತು ಬಿಡು. ಹಗಲೆಲ್ಲ ಅವಳ ಹತ್ರಾನೇ ಇರ್ಲಿ."

ತಲೆ ಎತ್ತಿದರೆ ಬಾವಿಯ ಆಚೆ ಯಾರೂ ಇರಲಿಲ್ಲ.

ಮನೆಗೆ ಬಂದು, ಮಲಗಿದ್ದ ಮಗಳ ತಲೆದೆಸೆಯ ಮೇಜಿನ ಮೇಲೆ ರಾಕ್ಷಸನನ್ನಿಟ್ಟು, ಚಪ್ಪಲಿಯನ್ನೂ ಬಿಚ್ಚದೆ ನಿದ್ದೆಹೋದ. ಬೆಳಗ್ಗೆ ಮಗಳೇ ಬಂದು ಅಲುಗಾಡಿಸಿ ಎಬ್ಬಿಸಿದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು.

"ಅಪ್ಪಾ, ಆಟದಲ್ಲಿರೋದಕ್ಕಿಂತ ಚೆನ್ನಾಗಿದೆ. ಆದ್ರೆ ನೀರಲ್ಲಿ ಯಾಕೆ ಮುಳುಗಿಸಿಟ್ಟೆ?"

ಮೇಜಿನ ಮೇಲೆ ಲೋಟ. ಲೋಟದ ತುಂಬ ನೀರು. ಅದರ ತಳದಲ್ಲಿ ರಾಕ್ಷಸ, ಬಾಯಿ ತೆರೆದುಕೊಂಡು.

ಈಗಲೂ ಹಾಗೇ. ರಾತ್ರಿ ಬೀರುವಿನಲ್ಲಿಟ್ಟು ಬೀಗ ಹಾಕಿದರೂ ಬೆಳಗ್ಗೆ ಲೋಟದಲ್ಲಿರುತ್ತೆ. ಮಗಳು ಈಗ ಮಲಗೋ ಮುಂಚೆ ತಾನೇ ನೀರು ತುಂಬಿಸಿಡ್ತಾಳೆ. ನಡೆದದ್ದು ರೀ ಇದು, ಆ ಲೋಟ ನಾನು ಕೈಯಾರೆ ಮುಟ್ಟಿ ನೋಡಿದ್ದೇನೆ. ನನ್ನ ಟೀ ದುಡ್ಡು ನಾಳೆ... ಇಲ್ಲ, ಆ ಮಾತು ಬೇಡ. ಈಗಲೇ ಹೇಳಿಬಿಡ್ತೀನಿ: ಅದನ್ನೂ ನೀವೇ ಕೊಟ್ಟುಬಿಡಿ.