ನಿಂಬೆ ಗಿಡದ ಬುಡದಲ್ಲಿ ಸಿಕ್ಕಿದ್ದು

ನರ್ಸರಿಯ ಸಾಲಿನಲ್ಲಿ ನನ್ನ ಮುಂದಿದ್ದ ಹೆಂಗಸು ನಿಂಬೆ ಗಿಡವನ್ನು ಕುಂಡದ ಸಮೇತ ಹೊತ್ತು ತಂದಿದ್ದಳು. ಎಲೆಗಳೆಲ್ಲ ಹಳದಿಯಾಗಿದ್ದವು.

“ಹಿಟ್ಟು ತಿಗಣೆ ಬಿದ್ದಿತ್ತಣ್ಣ. ಬೇವಿನೆಣ್ಣೆ ಹೊಡೆದೆ, ಹೋಯ್ತು. ಗಿಡ ಮಾತ್ರ ಚೇತರಿಸ್ಕೊಳ್ತಿಲ್ಲ.”

“ಎಲೆ ಬಿಡಿ ಅಕ್ಕ, ಬೇರು ನೋಡೋಣ.” ನರ್ಸರಿಯವನು ಕುಂಡವನ್ನು ಬೋರಲು ಹಾಕಿದ. “ಒಂದು ಪಕ್ಕ ಪೂರ್ತಿ ಸುಟ್ಟು ಹೋಗಿದೆ. ಇದೇನಿದು, ಬಿಳಿ ಬಿಳಿ?”

“ಗೊಬ್ಬರದ ಕಾಳಾ?”

“ಮಾತ್ರೆ! ಅರ್ಧಂಬರ್ಧ ಕರಗಿರೋದೇ ಒಂದು ಹಿಡಿ ಇದೆ. ಕುಂಡ ಎಲ್ಲಿಟ್ಟಿದ್ರಿ?”

“ಅಪ್ಪನ ಕುರ್ಚಿ ಪಕ್ಕ.” ಅವಳು ಒಂದನ್ನು ಸೆರಗಿನಲ್ಲಿ ಒರೆಸಿ ನೋಡಿದಳು. “ಬಿಪಿ ಮಾತ್ರೆ. ದಿನಾ ನುಂಗಿದೆ ಅಂತಿದ್ರಲ್ಲ!”

“ನುಂಗಿದ್ದು ಗಿಡ,” ಅವನು ನಕ್ಕ.

“ಬಿಪಿ ಇಳೀತಾನೇ ಇಲ್ಲ ಅಂತ ಡಾಕ್ಟರು ಒಂದಿದ್ದಿದ್ದನ್ನ ನಾಲ್ಕು ಮಾಡಿದ್ರು.”

“ಸದ್ಯ, ಅವರು ನುಂಗಿಲ್ವಲ್ಲ ಬಿಡಿ.”

ಅವಳು ನಗಲಿಲ್ಲ. “ನುಂಗೋಕಾಗಲ್ಲ ಅಂತ ಗೊಣಗ್ತಾರೆ ಅಂತ, ಇವತ್ತಿಂದ ನಾಲ್ಕನ್ನೂ ಪುಡಿ ಮಾಡಿ ಹಾಲಿಗೆ ಹಾಕ್ತೀನಿ ಅಂದಿದ್ಳು ಅಮ್ಮ.”

“ಹಾಲು ಎಷ್ಟೊತ್ತಿಗೆ ಕೊಡ್ತಾರೆ?”

“ಹತ್ತಕ್ಕೆ.”

ಮೂವರೂ ಗೋಡೆ ಗಡಿಯಾರ ನೋಡಿದೆವು. ಹತ್ತೂವರೆ.

ಅವಳು ಫೋನನ್ನು ಕಿವಿಗೊತ್ತಿಕೊಂಡು ಓಡಿದಳು. “ಎತ್ತಮ್ಮಾ, ಫೋನ್ ಎತ್ತು,” ಅನ್ನುವುದು ಗೇಟು ದಾಟುವವರೆಗೂ ಕೇಳಿಸುತ್ತಲೇ ಇತ್ತು.