ನಾಯಕಿಯ ನಿವೃತ್ತಿ

ಇಂದಿನ ಸಭೆಯ ಅಧ್ಯಕ್ಷರೂ ನಮ್ಮ ಕಲಾಸಂಘದ ಸ್ಥಾಪಕರೂ ಆದ ಶ್ರೀ ಸನತ್‌ಕುಮಾರ ಬಲ್ಲಾಳರೇ, ಮುಖ್ಯ ಅತಿಥಿಗಳಾಗಿ ಬಂದು, ಬಂದ ಹೊತ್ತಿನಿಂದ ಕೈಗಡಿಯಾರ ನೋಡುತ್ತಿರುವ ಬ್ಲಾಕ್ ಡೆವಲಪ್‌ಮೆಂಟ್ ಅಧಿಕಾರಿಗಳೇ, ರಂಗದ ಪರದೆಗೆ ಬಟ್ಟೆ ದಾನ ಕೊಟ್ಟ ಬಂಟ್ವಾಳದ ವ್ಯಾಪಾರಿ ಹನೀಫಾ ಸಾಹೇಬರೇ, ಎಡಬದಿಯ ಬೆಂಚುಗಳಲ್ಲಿ ಕುಳಿತ ತಾಯಂದಿರೇ, ಅವರ ನಡುವೆ ಕುಳಿತು, ಮಾತು ಬೇಗ ಮುಗಿಸಿ ಎಂಬ ಹಾಗೆ ನನ್ನನ್ನು ನೋಡುತ್ತಿರುವ ನನ್ನ ಮನೆಯವಳಾದ ಅನಂತಮತಿಯೇ, ಬೆಳ್ತಂಗಡಿಯ ಹತ್ತು ಸಮಸ್ತರಾದ ಸಭಿಕರೇ,

ಸನ್ಮಾನ ಮಾಡಿಸಿಕೊಂಡವನು ಎರಡು ಮಾತು ಆಡಬೇಕೆಂಬುದು ಪದ್ಧತಿ. ನೀವು ನನಗೆ ಶಾಲು ಹೊದಿಸಿದ್ದೀರಿ, ಪೇಟ ತೊಡಿಸಿದ್ದೀರಿ. ಹದಿನೈದು ವರ್ಷ ತುರುಬು ಕಟ್ಟಿದ ತಲೆ ಇದು. ಪೇಟ ಇನ್ನೂ ಸರಿಯಾಗಿ ನಿಲ್ಲುತ್ತಿಲ್ಲ, ಸ್ವಲ್ಪ ಜಾರುತ್ತ ಉಂಟು. ದಯವಿಟ್ಟು ಕ್ಷಮಿಸಬೇಕು.

ಕಾರ್ಯದರ್ಶಿ ಲೋಕನಾಥರು ಓದಿದ ಅಭಿನಂದನ ಪತ್ರವನ್ನು ನಾನೂ ನಿಮ್ಮ ಜೊತೆಯಲ್ಲಿಯೇ ಮೊದಲ ಸಲ ಕೇಳಿದೆ. ವಿಜಯರಾಜ ಮಾಸ್ತರರು ಸ್ತ್ರೀಪಾತ್ರಗಳಿಂದ ಸ್ವಯಂ ನಿವೃತ್ತರಾಗುತ್ತಿದ್ದಾರೆ ಎಂದು ಅದರಲ್ಲಿ ಉಂಟು. ಬಹಳ ಸುಂದರವಾದ ವಾಕ್ಯ. ಆದರೆ ಆ 'ಸ್ವಯಂ' ಯಾರದ್ದು? ಅಧ್ಯಕ್ಷರದ್ದೋ, ಕಾರ್ಯದರ್ಶಿಗಳದ್ದೋ? ನನ್ನದಂತೂ ಅಲ್ಲ. ಮುಂದಿನ ವರ್ಷದಿಂದ ಮಂಗಳೂರಿನ ಇಬ್ಬರು ನಟಿಯರು ಬರುತ್ತಾರೆ, ಹೆಂಗಸರ ಪಾತ್ರವನ್ನು ಹೆಂಗಸರೇ ಮಾಡುತ್ತಾರೆ. ಸಂತೋಷ. ಕಾಲ ಬದಲಾಗಬೇಕು, ಇದು ಸಾವಿರದ ಒಂಬೈನೂರ ಅರುವತ್ತಾರನೆಯ ಇಸವಿ. ಇನ್ನೊಂದು ನಿರ್ಣಯವೂ ಆಗಿದೆಯಂತೆ. ನನ್ನ ಮನೆಯ ಉಪ್ಪರಿಗೆಯಲ್ಲಿರುವ ಸಂಘದ ಪೆಟ್ಟಿಗೆಯನ್ನು, ಅದರೊಳಗಿನ ಸೀರೆ, ರವಿಕೆ, ಲಂಗ, ಒಳಉಡುಪು ಸಮೇತ, ನಾಳೆ ಬೆಳಿಗ್ಗೆ ಆ ನಟಿಯರಿಗಾಗಿ ಕೊಂಡೊಯ್ಯುವುದು. ಈ ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ನನ್ನ ವಿನಮ್ರವಾದ ಒಂದು ತಕರಾರು ಉಂಟು. ಅದನ್ನು ಹೇಳಬೇಕಾದರೆ ಸ್ವಲ್ಪ ಇತಿಹಾಸ ಹೇಳಬೇಕಾಗುತ್ತದೆ. ಅಧಿಕಾರಿಗಳು ಗಡಿಯಾರವನ್ನು ಸ್ವಲ್ಪ ಕಿಸೆಗೆ ಹಾಕಬೇಕು.

ನಮ್ಮ ಮೊದಲ ನಾಟಕದಲ್ಲಿ ನನ್ನ ಎದೆಗೆ ಕಟ್ಟಿದ್ದು ಎರಡು ತೆಂಗಿನ ಗೆರಟೆ. ಮಗಳು ತಂದೆಯ ಕಾಲಿಗೆ ಬೀಳುವ ದೃಶ್ಯ. ಬಿದ್ದೆ. ಬಿದ್ದ ರಭಸಕ್ಕೆ ಒಂದು ಗೆರಟೆ ಹಗ್ಗ ಸಡಿಲಿ ಹೊಟ್ಟೆಗೆ ಇಳಿಯಿತು. ತಂದೆಯ ಪಾತ್ರ ಮಾಡಿದವರು ಇಂದಿನ ಅಧ್ಯಕ್ಷರೇ. ಅವರಿಗೆ ಮೇಲಿನಿಂದ ಎಲ್ಲ ಕಾಣುತ್ತಿತ್ತು. ಅವರು ನಾಟಕದಲ್ಲಿ ಇಲ್ಲದ ಮಾತೊಂದನ್ನು ಗದ್ಗದರಾಗಿ ಹೇಳಿದರು: "ಮಗಳೇ, ಏಳಬೇಡ. ಪರದೆ ಬೀಳುವ ತನಕ ಏಳಬೇಡ." ಸಭೆಯಲ್ಲಿ ಹೆಂಗಸರು ಅತ್ತರು. ಅಂಥ ತಂದೆ ಯಾವ ಮಗಳಿಗೆ ಸಿಗುತ್ತಾರೆ?

ಗೆರಟೆ ಇನ್ನು ಬೇಡ, ಅಂಗಡಿಯಿಂದ ಬಾಡಿಯನ್ನೇ ತರುವ ಎಂದು ಅಂದೇ ತೀರ್ಮಾನವಾಯಿತು. ತಾಯಂದಿರು ಈ ಶಬ್ದಕ್ಕೆ ಕ್ಷಮಿಸಬೇಕು. ಕಂಚುಕ ಎಂದು ಹೇಳಿದರೆ ಅಂಗಡಿಯಲ್ಲಿ ಯಾರೂ ಕೊಡುವುದಿಲ್ಲ. ಆದರೆ ಒಬ್ಬ ಗಂಡಸು ಹೋಗಿ ಅದನ್ನು ಕೇಳುವುದು ಹೇಗೆ? ಆ ಕಾಲದಲ್ಲಿ ಅದು ಕಪಾಟಿನ ಅಡಿಯ ಖಾನೆಯಲ್ಲಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಕಳ್ಳಮಾಲಿನ ಹಾಗೆ ಕುಳಿತಿರುತ್ತಿತ್ತು. ಕೊಳ್ಳುವವನು ನೆಲ ನೋಡಬೇಕು, ಕೊಡುವವನು ತಲೆಯ ಮೇಲಿನ ಮಾಡು ನೋಡಬೇಕು. ಬೆಳ್ತಂಗಡಿಯಲ್ಲಿ ಕೇಳುವ ಹಾಗಿಲ್ಲ, ನನ್ನ ವಿದ್ಯಾರ್ಥಿಗಳ ತಂದೆಯಂದಿರೇ ಅಂಗಡಿಗಳಲ್ಲಿ ಕುಳಿತಿರುವವರು. ಮೂಡುಬಿದಿರೆಗೆ ಹೋದೆ. ಯಾರಿಗೆ ಎಂದು ಅಂಗಡಿಯವರು ಕೇಳಿದರು. ಮನೆಗೆ ಎಂದೆ.

ಈ ಒಂದು ಮಾತಿನಿಂದ ಆದ ಅನಾಹುತ ಕೇಳಿ. ಮೂಡುಬಿದಿರೆ ನನ್ನ ಹೆಂಡತಿಯ ತವರು. ಅಂಗಡಿಯವರಿಗೆ ಅವಳನ್ನು ಚಿಕ್ಕಂದಿನಿಂದ ಗೊತ್ತು, ಗಾಳಿ ಬೀಸಿದರೆ ಬಾಗುವ ಹುಡುಗಿ ಎಂದು. ನಾನು ಕೇಳಿದ್ದೋ ಅಂಗಡಿಯಲ್ಲಿದ್ದ ಎಲ್ಲದಕ್ಕಿಂತ ದೊಡ್ಡದು. ಅವರು ನೇರ ನನ್ನ ಅತ್ತೆಯವರಾದ ಕಮಲಾವತಿಯಮ್ಮನವರಲ್ಲಿಗೆ ಹೋಗಿ, ನಿಮ್ಮ ಮಗಳು ಗಂಡನ ಮನೆಯಲ್ಲಿ ಚೆನ್ನಾಗಿ ಮೈ ತುಂಬಿಕೊಂಡಿದ್ದಾಳೆ ಎಂದು ಶುಭಸಮಾಚಾರ ಹೇಳಿದರು. ಹೇಗೆ ಗೊತ್ತಾಯಿತೆಂದು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ. ಅತ್ತೆ ಸಂಭ್ರಮದಿಂದ ಮರುದಿನದ ಬಸ್ಸಿನಲ್ಲಿ ಬಂದರು. ಬಾಗಿಲಲ್ಲಿ ನಿಂತಿದ್ದ ಮಗಳನ್ನು ನೋಡಿ ಅಲ್ಲಿಯೇ ಕುಳಿತು ಅತ್ತರು. ನನ್ನ ಮನೆಯಲ್ಲಿ ಊಟ ಸರಿಯಿಲ್ಲ, ಅದನ್ನು ಮುಚ್ಚಲು ಸುಳ್ಳು ಸುದ್ದಿ ಹರಡಿದ್ದೇನೆ ಎಂಬುದು ಅವರ ತೀರ್ಮಾನ. ಎಂಟು ದಿನ ನಿಂತು ಮಗಳಿಗೆ ತುಪ್ಪ ಬಡಿಸಿ ಹೋದರು. ಅವರನ್ನು ಬಸ್ಸು ಹತ್ತಿಸಿ ಬಂದ ಮೇಲೆ ಅನಂತಮತಿ ನನ್ನ ಹತ್ತಿರ ಮೆಲ್ಲಗೆ ಹೇಳಿದಳು. "ಇನ್ನು ಮನೆಗೆ ಅಂತ ಹೇಳ್ಬೇಡಿ. ನಾಟಕಕ್ಕೆ ಅಂತ ಹೇಳಿ. ನಾಟಕಕ್ಕೆ ಅಂದ್ರೆ ಯಾರೂ ಏನೂ ಕೇಳುದಿಲ್ಲ."

ಎಷ್ಟು ದೊಡ್ಡ ಮಾತು ನೋಡಿ. ನಾಟಕಕ್ಕೆ ಎಂದರೆ ಯಾರೂ ಏನೂ ಕೇಳುವುದಿಲ್ಲ. ಗಂಡಸು ಬಳೆ ಕೊಳ್ಳಬಹುದು, ಕಾಡಿಗೆ ಕೊಳ್ಳಬಹುದು, ಸೀರೆಯ ಸೆರಗನ್ನು ಭುಜದ ಮೇಲೆ ಹಾಕಿ ಕನ್ನಡಿ ನೋಡಬಹುದು. ಕಲಾಸೇವೆ ಎಂದು ಜನ ದಾರಿ ಬಿಡುತ್ತಾರೆ. ನಮ್ಮ ಸಂಘ ಈ ತಾಲೂಕಿಗೆ ಏನು ಕೊಟ್ಟಿತು ಎಂದು ಕೆಲವರು ಕೇಳುತ್ತಾರೆ. ನನ್ನ ಮಟ್ಟಿಗೆ ಈ ಒಂದು ಮಾತನ್ನು ಕೊಟ್ಟಿತು. ಅದಕ್ಕೆ ನಾನು ಎಂದೆಂದಿಗೂ ಋಣಿ.

ಆ ಮಾತು ಹಿಡಿದುಕೊಂಡು ಬಂಟ್ವಾಳಕ್ಕೆ, ಹನೀಫಾ ಸಾಹೇಬರ ಅಂಗಡಿಗೆ ಹೋದೆ. ಅಂಗಡಿಯ ಬಾಡಿಗಳೆಲ್ಲ ಹೆಂಗಸರ ಅಳತೆಯವು. ನನ್ನ ಬೆನ್ನಿಗೆ ಗುಂಡಿ ಕೂಡುವುದಿಲ್ಲ. ಗುಂಡಿ ಕೂಡುವಷ್ಟು ದೊಡ್ಡದು ತೆಗೆದರೆ ಎದುರಿಗೆ ಎರಡು ಸೇರು ಅಕ್ಕಿ ಹಿಡಿಯುವ ಜಾಗ. ಭುಜದ ಪಟ್ಟಿ ಮಾಂಸಕ್ಕೆ ಕಚ್ಚುತ್ತದೆ. ಮೂರು ಅಂಕದ ನಾಟಕ ಮುಗಿಯುವಾಗ ನಾಯಕಿ ಅಳುವುದು ಕಥೆಯ ದುಃಖಕ್ಕಲ್ಲ, ಪಟ್ಟಿಯ ದುಃಖಕ್ಕೆ. ಸಾಹೇಬರು ನಗಲಿಲ್ಲ. ಒಳಕೋಣೆಯ ಕನ್ನಡಿ ತೋರಿಸಿ ಹೇಳಿದರು, "ಹಾಕಿ ನೋಡಿ ಮಾಸ್ಟ್ರೇ. ಕೂತ್ರೆ ತಕೊಳ್ಳಿ, ಇಲ್ಲದಿದ್ರೆ ಬೇಡ. ನಾಟಕ ಆದ್ರೂ ಉಸಿರು ಕಟ್ಬಾರ್ದು." ಅದಾಗದೆ, ಇದಾಗದೆ, ಕೊನೆಗೆ ಒಂದು ದಿನ ಅವರು ಮಂಗಳೂರಿನಿಂದ ಬೆನ್ನಿಗೆ ಎಲಾಸ್ಟಿಕ್ ಇರುವ ಹೊಸ ನಮೂನೆಯದ್ದನ್ನು ತರಿಸಿದರು.

ಅದು ಕೂತಿತು. ಸಭಿಕರೇ, ಸರಿಯಾಗಿ ಕೂತಿತು. ಕಚ್ಚಲಿಲ್ಲ, ಜಾರಲಿಲ್ಲ. ಅದರ ಮೇಲೆ ರವಿಕೆ ಹಾಕಿ, ಸೀರೆಯ ಸೆರಗು ಹೊದ್ದು ಕನ್ನಡಿಯಲ್ಲಿ ನೋಡಿದೆ. ಬಹಳ ಸಂತೋಷವಾಯಿತು. ಅಷ್ಟು ಸಂತೋಷ ನನಗೆ ಶಿಕ್ಷಕ ತರಬೇತಿ ಪಾಸಾದಾಗಲೂ ಆಗಿರಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ, ಹೊರಗೆ ಸಾಹೇಬರು ಕೆಮ್ಮಿದರು. ನಾಟಕದ ಮಾತು ಅಭ್ಯಾಸ ಮಾಡುತ್ತಿದ್ದೆ ಎಂದು ಹೇಳಿದೆ. ಆ ವರ್ಷ ನನ್ನದು ಮೂಗಿಯ ಪಾತ್ರವಾಗಿತ್ತು ಎಂಬುದು ಈಗ ನೆನಪಾಗುತ್ತದೆ. ಇರಲಿ.

ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ಹೀಗೆ ಹುಡುಕಿ ತಂದ ಬಟ್ಟೆಗಳು ಅವು. ಅವನ್ನು ಇಡುವುದಕ್ಕೂ ಒಂದು ಕ್ರಮ ಉಂಟು. ಮಡಚಿ ಇಟ್ಟಲ್ಲಿಯೇ ಇಟ್ಟರೆ ಸೀರೆ ಮಡಿಕೆಯಲ್ಲಿ ಹರಿಯುತ್ತದೆ, ಎಲಾಸ್ಟಿಕ್ ಒಣಗುತ್ತದೆ. ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ, ತೆಗೆದು ಉಟ್ಟು... ಕೊಡವಿ ಇಡಬೇಕು. ಕೊಡವಿ ಎಂದು ಹೇಳಿದೆ. ಈ ಕೆಲಸವನ್ನು ಯಾರ ಒತ್ತಾಯವೂ ಇಲ್ಲದೆ ಮಾಡಿಕೊಂಡು ಬಂದಿದ್ದೇನೆ. ಪರದೆ ಕೆಂಪೋ ನೀಲಿಯೋ ಎಂಬ ಜಗಳದಲ್ಲಿ ನಮ್ಮ ಸಂಘ ಎರಡು ವರ್ಷ ಬಾಗಿಲು ಮುಚ್ಚಿದ್ದು ನಿಮಗೆ ನೆನಪಿರಬಹುದು. ಆಗಲೂ ನಾನು ಬಂಟ್ವಾಳಕ್ಕೆ ಹೋಗುವುದನ್ನು ತಪ್ಪಿಸಲಿಲ್ಲ. ಕಲಾವಿದನಿಗೆ ಅಭ್ಯಾಸ ತಪ್ಪಬಾರದು, ಅಲ್ಲವೇ?

ನಮ್ಮ ಸಂಘದ ಹೆಸರು ಎಷ್ಟು ದೂರಕ್ಕೆ ಆಸರೆಯಾಗಿತ್ತು ಎಂಬುದಕ್ಕೆ ಒಂದು ತಮಾಷೆಯ ಸಂಗತಿ ಹೇಳುತ್ತೇನೆ. ಆ ಬಾಗಿಲು ಮುಚ್ಚಿದ ವರ್ಷಗಳಲ್ಲಿಯೇ ಒಂದು ದಿನ ನಾನು ಸಾಹೇಬರ ಅಂಗಡಿಯಲ್ಲಿದ್ದೆ. ಕೃಷಿಕರ ಹಾಗೆ ಕಾಣುವ ಒಬ್ಬರು ಗಟ್ಟಿ ಆಳು ಬಂದರು. ದೊಡ್ಡ ಮೀಸೆ. ನೆಲ ನೋಡುತ್ತ ಒಂದು ಲಂಗ, ಒಂದು ಬಾಡಿ ಕೇಳಿದರು. ಎಲ್ಲವೂ ದೊಡ್ಡದು ಬೇಕು, ನಾಟಕಕ್ಕೆ, ಎಂದರು. ನನಗೆ ಕುತೂಹಲ. ಯಾವ ಸಂಘ ಎಂದು ಕೇಳಿದೆ. ಕಕ್ಕಿಂಜೆಯ ಸಂಘ ಎಂದರು. ಕಕ್ಕಿಂಜೆಯಲ್ಲಿ ಆಗಲೂ ನಾಟಕ ಸಂಘ ಇರಲಿಲ್ಲ, ಈಗಲೂ ಇಲ್ಲ. ಅದು ನನಗೆ ಗೊತ್ತುಂಟು ಎಂದು ಅವರಿಗೂ ಗೊತ್ತಾಯಿತು. ಕೈಯಲ್ಲಿದ್ದ ಕಟ್ಟನ್ನು ಬೆನ್ನ ಹಿಂದೆ ಅಡಗಿಸಿದರು. ನಾನು ಕೂಡಲೇ, ಓಹೋ, ನಮ್ಮ ಸಂಘದೊಟ್ಟಿಗೆ ಸೇರುವ ಸಂಘ ಅಲ್ಲವೇ, ಮುಂದಿನ ನಾಟಕಕ್ಕೆ ನೀವೂ ಬರಬೇಕು ಎಂದುಬಿಟ್ಟೆ. ಬಂದರು ಪಾಪ. ಒಂದು ಮಾತೂ ಬಾಯಿಗೆ ಬರುವುದಿಲ್ಲ. ಮೀಸೆ ತೆಗೆಯಲು ಒಪ್ಪುವುದಿಲ್ಲ. ಕೊನೆಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹರಿವಾಣ ಹಿಡಿದು ನಿಲ್ಲುವ ದಾಸಿಯ ಪಾತ್ರ ಕೊಟ್ಟೆವು. ಪ್ರತಿ ನಾಟಕದಲ್ಲಿಯೂ ಒಬ್ಬಳು ದಾಸಿ ಬೇಕೆಂದು ನಾನು ಹಟ ಹಿಡಿದದ್ದು ಇದಕ್ಕೇ. ಹೆಸರು ಮಾತ್ರ ನಾನು ಹೇಳುವುದಿಲ್ಲ.

ನೀವು ಚೆನ್ನಾಗಿ ನಕ್ಕಿರಿ. ನಗಲೆಂದೇ ಹೇಳಿದ್ದು. ಆದರೆ... ಯಾಕೆ ಎಲ್ಲರೂ ಹಿಂದೆ ತಿರುಗುತ್ತಿದ್ದೀರಿ?

ಹೌದು. ಹರಿವಾಣ ಹಿಡಿದ ದಾಸಿ ಯಾರೆಂದು ಹೆಸರು ಹೇಳಬೇಕಾಗಿಯೇ ಇರಲಿಲ್ಲ. ಎಂಥ ಮೂರ್ಖ ನಾನು. ಕೊನೆಯ ಬೆಂಚಿನಲ್ಲಿ ರುಕ್ಮಯ್ಯನವರು ಕುಳಿತಿದ್ದಾರೆ. ದಯವಿಟ್ಟು ಮುಂದೆ ನೋಡಿ. ಧರ್ಣಪ್ಪನವರೇ, ನೀವೂ ತಿರುಗಿದಿರಾ? ಬರುವ ತಿಂಗಳು ಅವರ ಮಗಳನ್ನು ಸೊಸೆಯಾಗಿ ತಂದುಕೊಳ್ಳುವವರು ನೀವು. ಅವರನ್ನು ಹಾಗೆ ನೋಡಬೇಡಿ. ರುಕ್ಮಯ್ಯನವರೇ, ಎದ್ದು ಹೋಗಬೇಡಿ. ಕುಳಿತುಕೊಳ್ಳಿ.

ಸಭಿಕರೇ, ತಮಾಷೆಗಾಗಿ ನಾನು ಕಥೆಯನ್ನು ತಿರುಗಿಸಿ ಹೇಳಿದೆ. ವೇದಿಕೆಯ ಮೇಲೆ ನಿಂತವನಿಗೆ ನಗಿಸುವ ಚಪಲ. ನಡೆದದ್ದು ಬೇರೆ. ಆ ದಿನ ರುಕ್ಮಯ್ಯನವರು ಮಗಳಿಗೆ ಲಂಗದ ಬಟ್ಟೆ ಕೊಳ್ಳಲು ಬಂದಿದ್ದರು, ಅಷ್ಟೇ. ನೆಲ ನೋಡುತ್ತ ಬಾಡಿ ಕೇಳುತ್ತಿದ್ದವನು ನಾನು. ನಾಟಕಕ್ಕೆ ಎಂದವನು ನಾನು. ಕಟ್ಟನ್ನು ಬೆನ್ನ ಹಿಂದೆ ಅಡಗಿಸಿದವನು ನಾನು. ಸಂಘಕ್ಕೆ ಬೀಗ ಬಿದ್ದಿದೆಯಲ್ಲ, ಯಾವ ನಾಟಕ ಮಾಸ್ಟ್ರೇ ಎಂದು ಅವರು ಪಾಪ ತಿಳಿಯದೆ ಕೇಳಿದರು. ನನ್ನ ಮರ್ಯಾದೆ ಉಳಿಸಲೆಂದು, ಬರುವ ನಾಟಕಕ್ಕೆ ನಾನೂ ಸೇರುತ್ತೇನೆ ಎಂದು ಹೇಳಿ, ಇಷ್ಟು ವರ್ಷ ಹರಿವಾಣ ಹಿಡಿದು ನಿಂತರು. ಸಾಕ್ಷಿ ಬೇಕಾದರೆ ಹನೀಫಾ ಸಾಹೇಬರು ಇಲ್ಲಿಯೇ ಇದ್ದಾರೆ. ಸಾಹೇಬರೇ, ಹೀಗೆಯೇ ಅಲ್ಲವೇ ನಡೆದದ್ದು?

ನೋಡಿದಿರಲ್ಲ, ತಲೆಯಾಡಿಸಿದರು. ಅವರು ಸುಳ್ಳಿಗೆ ತಲೆಯಾಡಿಸುವವರಲ್ಲ ಎಂದು ಇಡೀ ಬಂಟ್ವಾಳಕ್ಕೆ ಗೊತ್ತುಂಟು. ಧರ್ಣಪ್ಪನವರಿಗೆ ಸಮಾಧಾನವಾಯಿತೆಂದು ಭಾವಿಸುತ್ತೇನೆ.

ನಾಟಕ ಇಲ್ಲದ ವರ್ಷದಲ್ಲಿ ಅದು ಯಾರಿಗೆ ಎಂದು ಈಗ ನೀವು ಕೇಳಬಹುದು. ನನಗೆ. ನನಗೆ ಅದು ಬೇಕು. ಅದನ್ನು ಹಾಕಿಕೊಂಡು ಸೀರೆ ಉಟ್ಟು ನನ್ನ ಉಪ್ಪರಿಗೆಯಲ್ಲಿ ಒಂದು ಗಳಿಗೆ ಕುಳಿತರೆ ನನಗೆ ನೆಮ್ಮದಿ. ಯಾಕೆ ಎಂದು ಕೇಳಬೇಡಿ, ನನಗೆ ಗೊತ್ತಿಲ್ಲ. ಅಧಿಕಾರಿಗಳೇ, ನನ್ನ ಶಾಲೆ ನಿಮ್ಮ ಅಧೀನದಲ್ಲಿ ಉಂಟು, ನೀವು ಏನು ಬರೆಯಬೇಕೋ ಬರೆಯಿರಿ. ತಾಯಂದಿರ ಬೆಂಚಿನಲ್ಲಿ ನನ್ನ ಹೆಂಡತಿ ತಲೆ ತಗ್ಗಿಸಿಲ್ಲ. ಆದ್ದರಿಂದ ಬೇರೆ ಯಾರೂ ತಗ್ಗಿಸುವ ಅಗತ್ಯವಿಲ್ಲ.

ನೀವು ಕೊಟ್ಟ ನಿವೃತ್ತಿಯನ್ನು ನಾನು ಒಪ್ಪಿದ್ದೇನೆ. ನಾಳೆ ಬೆಳಿಗ್ಗೆ ಲೋಕನಾಥರು ಪೆಟ್ಟಿಗೆಗೆ ಆಳು ಕಳುಹಿಸಬಹುದು. ಇಬ್ಬರು ಬೇಡ, ಒಬ್ಬನೇ ಸಾಕು. ಖಾಲಿ ಪೆಟ್ಟಿಗೆಯನ್ನು ಒಬ್ಬನೇ ಹೊರುತ್ತಾನೆ. ಮಂಗಳೂರಿನ ತಂಗಿಯರು ಅವರವರ ಅಳತೆಯದ್ದನ್ನು ಅವರೇ ನೋಡಿ ತೆಗೆದುಕೊಳ್ಳಲಿ. ಬೇರೆಯವರದ್ದು ಯಾರಿಗೂ ಸರಿಯಾಗಿ ಕೂರುವುದಿಲ್ಲ.

ಇಷ್ಟು ತಾಳ್ಮೆಯಿಂದ ಕೇಳಿದ್ದಕ್ಕೆ ಅಧ್ಯಕ್ಷರಿಗೂ, ಅತಿಥಿಗಳಿಗೂ, ನಿಮಗೆಲ್ಲರಿಗೂ ನನ್ನ ಕೃತಜ್ಞತೆಗಳು. ರುಕ್ಮಯ್ಯನವರೇ, ಮಗಳ ಮದುವೆ ಚೆನ್ನಾಗಿ ಆಗಲಿ. ಇನ್ನು ನನ್ನನ್ನು ಕರೆಯುವುದು ನಿಮಗೆ ಕಷ್ಟವಾಗಬಹುದು. ಕರೆಯದಿದ್ದರೆ ನನಗೆ ಬೇಸರವಿಲ್ಲ.

ನಮಸ್ಕಾರ.